ಕತ್ತರಿ ಕಾಣದ ಕಡಿತ

ಅಂಗವಿಕಲರ ಮಾಸಾಶನ ಇಳಿಸಿದ್ದೇವೆ ಎಂದು ಯಾವ ಸರ್ಕಾರವೂ ಆದೇಶ ಹೊರಡಿಸಿಲ್ಲ. ಆದರೂ ಅದು ವರ್ಷದಿಂದ ವರ್ಷಕ್ಕೆ ಕರಗುತ್ತಲೇ ಇದೆ. ಪಾವಗಡದ ಗಡಿ ಊರಿನ ಒಬ್ಬ ತಾಯಿಯ ಲೆಕ್ಕದ ಪುಸ್ತಕದಿಂದ ಶುರುವಾಗುವ ಕಥೆ ಇದು.

ನನ್ನ ಅಕ್ಕನ ಮನೆಯಲ್ಲಿ ದೇವರ ಗೂಡಿನ ಪಕ್ಕ, ಔಷಧಿ ಡಬ್ಬಿಯ ಮೇಲೆ, ಇನ್ನೂರು ಪುಟದ ಒಂದು ನೋಟ್‌ಬುಕ್ ಸದಾ ಇರುತ್ತದೆ. ಮನೆ ಲೆಕ್ಕ ಬೇರೆ. ಇದು ಪುಟ್ಟನ ಪುಸ್ತಕ. ಪುಟ್ಟನಿಗೆ ಈಗ ಇಪ್ಪತ್ನಾಲ್ಕು. ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸಾಲದೆ ಸೆರೆಬ್ರಲ್ ಪಾಲ್ಸಿ ಆಯಿತು, ಜೊತೆಗೆ ಬೌದ್ಧಿಕ ವೈಕಲ್ಯ. ಕೂರಿಸಿದರೆ ಕೂರುತ್ತಾನೆ, ಮಲಗಿಸಿದರೆ ಮಲಗುತ್ತಾನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿಗೇ ಬಂದವರು ಯಾರೆಂದು ಗುರುತು ಹಿಡಿದು ನಗುತ್ತಾನೆ.

ಪುಸ್ತಕದ ಎಡಗಡೆ ಪುಟಕ್ಕೆ ‘ಬಂದಿದ್ದು’ ಎಂದು ತಲೆಬರಹ, ಬಲಗಡೆಗೆ ‘ಹೋಗಿದ್ದು’. ಮೂರ್ಛೆ ಮಾತ್ರೆ, ದೊಡ್ಡವರ ಡೈಪರ್, ಬೆನ್ನು ಹುಣ್ಣಾಗದಂತೆ ಹಚ್ಚುವ ಪೌಡರು, ತುಮಕೂರಿಗೆ ಹೋಗಿಬಂದ ಖರ್ಚು, ಮುರಿದ ಗಾಲಿಕುರ್ಚಿಗೆ ವೆಲ್ಡಿಂಗು. ಬಲಗಡೆ ಪುಟ ತಿಂಗಳು ಮುಗಿಯುವ ಮೊದಲೇ ತುಂಬಿ ಅಂಚಿಗೆ ಹತ್ತುತ್ತದೆ. ಎಡಗಡೆಯಲ್ಲಿ ತಿಂಗಳಿಗೆ ಒಂದೇ ಸಾಲು: ‘ಪುಟ್ಟನ ಪೆನ್ಷನ್ 2,000’. ಅದನ್ನು ಅಕ್ಕ ಮೊದಲು ಪೆನ್ಸಿಲಿನಲ್ಲಿ ಬರೆದಿಡುತ್ತಾಳೆ. ಬ್ಯಾಂಕಿನಿಂದ ಮೆಸೇಜ್ ಬಂದ ದಿನ ಅದರ ಮೇಲೆಯೇ ಬಾಲ್‌ಪೆನ್ನು ಓಡಿಸುತ್ತಾಳೆ. ಪುಸ್ತಕ ತಿರುವುತ್ತಾ ಹೋದರೆ ಅಲ್ಲಲ್ಲಿ ಎರಡು ಮೂರು ತಿಂಗಳು ಪೆನ್ಸಿಲಿನಲ್ಲೇ ಉಳಿದಿವೆ.

ನಾನು ಪತ್ರಿಕೆಗೆ ಬರೆಯುವವನು ಎಂಬ ಕಾರಣಕ್ಕೆ, ವಿಧಾನಸೌಧದಲ್ಲಿ ನಡೆದದ್ದೆಲ್ಲ ನನಗೆ ಮೊದಲೇ ಗೊತ್ತಿರುತ್ತದೆ ಎಂದು ಅಕ್ಕ ನಂಬಿದ್ದಾಳೆ. ಹೋದಾಗಲೆಲ್ಲ ಒಂದೇ ಪ್ರಶ್ನೆ.

‘ಏನೋ, ಕಡಿಮೆ ಮಾಡ್ತಾರಂತಲ್ಲ, ನಿಜವಾ?’

‘ಇಲ್ಲ ಅಕ್ಕ, ಹಾಗೇನೂ ಆದೇಶ ಆಗಿಲ್ಲ.’

‘ಮತ್ತೆ ನನ್ನ ಪುಸ್ತಕದಲ್ಲಿ ಯಾಕೋ ಕಡಿಮೆ ಆಗ್ತಾ ಇದೆ?’

ಆ ಮಾತಿಗೆ ಉತ್ತರ ಹುಡುಕುತ್ತಾ ಹೋದದ್ದರ ಫಲ ಈ ಲೇಖನ.

ಮುನ್ನೂರಕ್ಕೆ ಹದಿಮೂರು ವರ್ಷ

ದೆಹಲಿಯಿಂದಲೇ ಶುರು ಮಾಡೋಣ. ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆ ಶುರುವಾದದ್ದು 2009ರಲ್ಲಿ, ತಿಂಗಳಿಗೆ 200 ರೂಪಾಯಿಯಂತೆ. 2012ರ ಅಕ್ಟೋಬರಿನಲ್ಲಿ ಅದು 300 ಆಯಿತು. ಬಡತನ ರೇಖೆಗಿಂತ ಕೆಳಗಿರಬೇಕು, ವೈಕಲ್ಯ ಶೇ 80ಕ್ಕೆ ಕಡಿಮೆ ಇರಬಾರದು, ವಯಸ್ಸು ಹದಿನೆಂಟು ದಾಟಿರಬೇಕು. ಇಷ್ಟೆಲ್ಲ ಜರಡಿಯಲ್ಲಿ ಉಳಿದವರಿಗೆ ಆ 300. ಎಂಬತ್ತು ವರ್ಷ ದಾಟಿದವರಿಗೆ ಮಾತ್ರ 500. ಅಲ್ಲಿಂದ ಈಚೆಗೆ ಎರಡು ಸರ್ಕಾರ, ಮೂರು ಲೋಕಸಭಾ ಚುನಾವಣೆ, ಒಂದು ನೋಟು ರದ್ದತಿ, ಒಂದು ಮಹಾಮಾರಿ ಕಳೆದವು. ಮುನ್ನೂರು ಮುನ್ನೂರಾಗಿಯೇ ಉಳಿಯಿತು. ಗ್ರಾಮೀಣಾಭಿವೃದ್ಧಿಗೆ ಸಂಬಂಧಿಸಿದ ಸಂಸತ್ತಿನ ಸ್ಥಾಯಿ ಸಮಿತಿ ಈ ಮೊತ್ತ ಹೆಚ್ಚಿಸಿ ಎಂದು ಮತ್ತೆ ಮತ್ತೆ ಶಿಫಾರಸು ಮಾಡಿದೆ. ಅಂಕಿ ಅಲುಗಿಲ್ಲ.

ಅಲುಗದ ಅಂಕಿಯೇ ಕತ್ತರಿಯಾಗುವುದು ಹೇಗೆಂದು ನೋಡಿ. ದೇಶದ ಗ್ರಾಹಕ ಬೆಲೆ ಸೂಚ್ಯಂಕ ಇತ್ತೀಚಿನವರೆಗೆ 2012ನೇ ವರ್ಷವನ್ನೇ ನೂರೆಂದು ಇಟ್ಟುಕೊಂಡು ಲೆಕ್ಕ ಹಾಕುತ್ತಿತ್ತು. 2025ರ ಹೊತ್ತಿಗೆ ಆ ಸೂಚ್ಯಂಕ 190 ದಾಟಿತ್ತು. ಅಂದರೆ ಅಂದಿನ 300 ರೂಪಾಯಿಗೆ ಇಂದು ಸಿಗುವುದು ಅಂದಿನ ನೂರೈವತ್ತರ ಆಸುಪಾಸಿನ ಸಾಮಾನು. ಸಂಸತ್ತಿನಲ್ಲಿ ಯಾರಾದರೂ ಎದ್ದು ನಿಂತು ‘ಅಂಗವಿಕಲರ ಪಿಂಚಣಿಯನ್ನು ಅರ್ಧಕ್ಕೆ ಇಳಿಸುತ್ತೇವೆ’ ಎಂದಿದ್ದರೆ ಗದ್ದಲ ಎದ್ದಿರುತ್ತಿತ್ತು. ಯಾರೂ ಎದ್ದು ನಿಲ್ಲಲಿಲ್ಲ, ಪಿಂಚಣಿ ಮಾತ್ರ ಅರ್ಧವಾಯಿತು.

ಬೆಲೆ ಏರಿದಂತೆ ಸಂಬಳ ಏರಬೇಕು ಎಂಬ ತತ್ವ ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. ನೌಕರರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಇದೆ. ಸಂಸದರ ವೇತನವನ್ನು 2018ರಲ್ಲೇ ಹಣದುಬ್ಬರದ ಸೂಚ್ಯಂಕಕ್ಕೆ ಕಟ್ಟಿಹಾಕಲಾಗಿದೆ. 2025ರ ಮಾರ್ಚ್‌ನಲ್ಲಿ ಅದು ಒಂದು ಲಕ್ಷದಿಂದ 1.24 ಲಕ್ಷಕ್ಕೆ ಏರಿತು. ಅದೇ ತಿಂಗಳು ನಮ್ಮ ಶಾಸಕರ ಸಂಬಳವೂ 40,000ದಿಂದ 80,000ಕ್ಕೆ ಏರಿತು. ಅಷ್ಟೇಕೆ, ಅಕ್ಕನ ಊರಿಗೆ ಹತ್ತಿರದಲ್ಲೇ, ತಿರುಮಣಿ, ವಳ್ಳೂರಿನ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ರೈತರ ಕರಾರಿನಲ್ಲೂ ಆ ತತ್ವ ಇದೆ: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಇದನ್ನು ಹೇಳಿದಾಗ ಅಕ್ಕ ನಕ್ಕಳು. ‘ನೋಡೋ, ಬಿಸಿಲಿಗೂ ಏರಿಕೆ ಬರೆದವ್ರೆ. ನನ್ನ ಮಗನಿಗೆ ಬರೆಯೋಕೆ ಮರೆತವ್ರೆ.’

ಮುನ್ನೂರರ ಗತಿ ಇದಾದರೆ ಉಳಿದ ಬಾಬ್ತುಗಳದ್ದು ಬೇರೆ ಕಥೆ; ಅಲ್ಲಿ ಇಳಿಕೆ ಅಂಕಿಯಲ್ಲೇ ಕಾಣುತ್ತದೆ. ರ‍್ಯಾಂಪ್ ಕಟ್ಟಿಸುವುದು, ಕಚೇರಿಗಳನ್ನು ಗಾಲಿಕುರ್ಚಿಗೆ ತೆರೆಯುವುದು, ಕೌಶಲ ತರಬೇತಿ ಮುಂತಾದವುಗಳಿಗಾಗಿ ಕೇಂದ್ರ ‘ಸಿಪ್ಡಾ’ ಎಂಬ ಯೋಜನೆ ಇಟ್ಟಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಜಾರಿಗೆ ತರುವುದೇ ಅದರ ಕೆಲಸ. 2022-23ರ ಬಜೆಟ್ಟಿನಲ್ಲಿ ಅದಕ್ಕೆ ಸುಮಾರು 240 ಕೋಟಿ ಇತ್ತು. ಮರುವರ್ಷ 150 ಕೋಟಿ, ಆಮೇಲೆ ಸುಮಾರು 135, 2025-26ಕ್ಕೆ 115ರ ಆಸುಪಾಸು. ಅಂಗವಿಕಲರ ಸಬಲೀಕರಣದ ಇಡೀ ಕೇಂದ್ರ ಇಲಾಖೆಗೆ ಆ ವರ್ಷ ಸಿಕ್ಕಿದ್ದು 1,275 ಕೋಟಿ. ಐವತ್ತು ಲಕ್ಷ ಕೋಟಿ ದಾಟಿದ ಬಜೆಟ್ಟಿನಲ್ಲಿ ಅದು ನೂರು ರೂಪಾಯಿಗೆ ಎರಡೂವರೆ ಪೈಸೆ.

ಎಣಿಕೆಯಲ್ಲೂ ಹೀಗೇ. 2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಕೇಂದ್ರದ ಅಂಗವಿಕಲರ ಪಿಂಚಣಿಗೆ ಮೀಸಲಾಗುತ್ತಾ ಬಂದಿರುವುದು ವರ್ಷಕ್ಕೆ 290 ಕೋಟಿ. ತಿಂಗಳಿಗೆ ಮುನ್ನೂರರಂತೆ ಹಂಚಿದರೆ ಅದು ಎಂಟು ಲಕ್ಷ ಚಿಲ್ಲರೆ ಮಂದಿಗೆ ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವೈಕಲ್ಯದ ಬಗೆಗಳನ್ನು ಏಳರಿಂದ ಇಪ್ಪತ್ತೊಂದಕ್ಕೆ ಹೆಚ್ಚಿಸಿತು. ಹಾಗೆ ಹೊಸದಾಗಿ ಸೇರಿದವರನ್ನು ಎಣಿಸುವ ಜನಗಣತಿ ಇನ್ನೂ ನಡೆದಿಲ್ಲ.

ಕಾನೂನು ಬರೆದ ಕಾಲುಭಾಗ

2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆ ಕಾಯ್ದೆಯ 24ನೇ ಕಲಮಿನಲ್ಲಿ, ಓದಿದವರು ಕಡಿಮೆ ಇರುವ ಒಂದು ಮಾತಿದೆ. ಅಂಗವಿಕಲರಿಗೆ ಕೊಡುವ ಸಾಮಾಜಿಕ ಭದ್ರತೆಯ ನೆರವು, ಅದೇ ಬಗೆಯ ಯೋಜನೆಯಲ್ಲಿ ಬೇರೆಯವರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ಕಾರಣ ಸರಳ. ಅಂಗವೈಕಲ್ಯಕ್ಕೆ ತನ್ನದೇ ಖರ್ಚಿದೆ. ಎಲ್ಲರಿಗೂ ಅನ್ನದ ಖರ್ಚು ಇದ್ದರೆ ಇವರಿಗೆ ಅನ್ನದ ಜೊತೆ ಅದನ್ನು ಉಣಿಸುವ ಕೈಯ ಖರ್ಚೂ ಇದೆ.

ಇದನ್ನು ಕರ್ನಾಟಕದ ಲೆಕ್ಕಕ್ಕೆ ಹಚ್ಚಿ ನೋಡೋಣ. 2021ರ ಜುಲೈ 28ರಂದು ಮುಖ್ಯಮಂತ್ರಿಯಾದ ದಿನವೇ ಬಸವರಾಜ ಬೊಮ್ಮಾಯಿ ಕೆಲವು ಮಾಸಾಶನಗಳನ್ನು ಹೆಚ್ಚಿಸಿದರು. ಶೇ 40ರಿಂದ 75ರವರೆಗಿನ ಅಂಗವಿಕಲರಿಗೆ 600 ಇದ್ದದ್ದು 800 ಆಯಿತು. ವಿಧವಾ ವೇತನವೂ 600ರಿಂದ 800. ವೃದ್ಧರ ಸಂಧ್ಯಾ ಸುರಕ್ಷಾ 1,000ದಿಂದ 1,200. ಶೇ 75ಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ 1,400, ಅಷ್ಟೇ ಪ್ರಮಾಣದ ಬೌದ್ಧಿಕ ವೈಕಲ್ಯವಾದರೆ 2,000. ಪುಟ್ಟನಿಗೆ ಬರುವುದು ಈ ಕೊನೆಯದ್ದು.

ವೃದ್ಧರಿಗೆ ಕೊಡುವ 1,200ಕ್ಕೆ ಕಾಲುಭಾಗ ಸೇರಿಸಿ. ಸಾವಿರದ ಐನೂರು. ಕಾನೂನಿನ ಪ್ರಕಾರ ಇದಕ್ಕಿಂತ ಕೆಳಗೆ ಯಾವ ಅಂಗವಿಕಲರ ಮಾಸಾಶನವೂ ಇರಬಾರದು. ಆದರೆ ಒಂದು ಕಾಲು ಇಲ್ಲದೆ ಬಿದಿರು ಬುಟ್ಟಿ ಹೆಣೆದು ಬದುಕುವ, ಶೇ 60ರ ಪ್ರಮಾಣಪತ್ರ ಇರುವವನಿಗೆ ಸಿಗುವುದು 800. ಹಾಸಿಗೆ ಹಿಡಿದ, ಶೇ 90ರ ದೈಹಿಕ ವೈಕಲ್ಯದವರಿಗೂ 1,400. ಒಬ್ಬರಿಗೆ ಏಳುನೂರು ಕಡಿಮೆ, ಇನ್ನೊಬ್ಬರಿಗೆ ನೂರು ಕಡಿಮೆ. ಸರ್ಕಾರಿ ಕಡತದಲ್ಲಿ ಇದು ಕಡಿತವಲ್ಲ, 2021ರ ‘ಹೆಚ್ಚಳ’.

ಅಕ್ಕನಿಗೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಬರುತ್ತದೆ. ಅದು ಬಂದ ದಿನ ಮನೆಗೆ ಬೇಳೆ, ಎಣ್ಣೆ ಬರುತ್ತದೆ. ಅವಳಿಗೆ ಆ ಯೋಜನೆಯ ಮೇಲೆ ಸಿಟ್ಟಿಲ್ಲ. ಅವಳ ಲೆಕ್ಕ ಬೇರೆ. ‘ಗಟ್ಟಿಮುಟ್ಟಾಗಿರೋ ನನಗೂ ಎರಡು ಸಾವಿರ, ನೀರು ಕುಡಿಯೋಕೂ ಇನ್ನೊಬ್ಬರು ಬೇಕಾದ ಅವನಿಗೂ ಎರಡು ಸಾವಿರ. ಇದು ಯಾವ ತಕ್ಕಡಿಯೋ?’

ಮಡಕಶಿರದ ಕಡೆ

ಪಾವಗಡದ ನಕ್ಷೆ ನೋಡಿದವರಿಗೆ ಗೊತ್ತು. ತಾಲ್ಲೂಕು ಕರ್ನಾಟಕದ್ದು, ಸುತ್ತ ಬಹುಪಾಲು ಆಂಧ್ರ. ಮನೆಮಾತು ಕನ್ನಡವೂ ಹೌದು, ತೆಲುಗೂ ಹೌದು. ಸಂಬಂಧಗಳು ಗಡಿ ನೋಡಿ ಬೆಳೆದಿಲ್ಲ. ಅಕ್ಕನ ನಾದಿನಿಯನ್ನು ಕೊಟ್ಟಿರುವುದು ಮಡಕಶಿರದ ಕಡೆಗೆ. ನಾದಿನಿಯ ಮನೆಯ ಎದುರು ಮನೆಯಲ್ಲಿ ಪುಟ್ಟನದೇ ವಯಸ್ಸಿನ, ಸರಿಸುಮಾರು ಪುಟ್ಟನಂಥದ್ದೇ ಹುಡುಗಿ ಇದ್ದಾಳೆ. ಹಬ್ಬಕ್ಕೆ ಸೇರಿದಾಗ ಇಬ್ಬರು ತಾಯಂದಿರೂ ಜಗುಲಿಯಲ್ಲಿ ಕೂತು ಮಕ್ಕಳ ಮಾತ್ರೆಯ ಹೆಸರು ಹೋಲಿಸಿಕೊಳ್ಳುತ್ತಾರೆ. 2024ರ ಜುಲೈನಿಂದ ಅವರ ಹೋಲಿಕೆಯಲ್ಲಿ ದುಡ್ಡೂ ಸೇರಿತು.

ಆಂಧ್ರದಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಅಂಗವಿಕಲರ ಪಿಂಚಣಿಯನ್ನು 3,000ದಿಂದ 6,000ಕ್ಕೆ ಏರಿಸಿತು. ಪೂರ್ತಿ ಹಾಸಿಗೆ ಹಿಡಿದವರಿಗೆ 15,000. ತಿಂಗಳ ಮೊದಲ ದಿನ ಸಿಬ್ಬಂದಿ ಮನೆಬಾಗಿಲಿಗೇ ಬಂದು ಕೊಟ್ಟು ಹೋಗುತ್ತಾರೆ. ತೆಲಂಗಾಣದಲ್ಲಿ 2023ರಿಂದಲೇ 4,016. ಕರ್ನಾಟಕದಲ್ಲಿ 2,000 ಬರೆಸಿಕೊಳ್ಳುವ ತಾಯಿ ಇಪ್ಪತ್ತು ಕಿಲೋಮೀಟರು ಆಚೆ ಹುಟ್ಟಿದ್ದರೆ ಅದರ ಮೂರು ಪಟ್ಟು ಬರೆಸಿಕೊಳ್ಳುತ್ತಿದ್ದಳು.

ಹಾಗೆಂದು ಆ ಕಡೆಯ ತಾಯಿ ನಿಶ್ಚಿಂತೆಯಿಂದ ಇದ್ದಾಳೆ ಅಂದುಕೊಳ್ಳಬೇಡಿ. ಮೊತ್ತ ದೊಡ್ಡದಾದ ಮೇಲೆ, ಸುಳ್ಳು ಪ್ರಮಾಣಪತ್ರದ ದೂರುಗಳೂ ಹೆಚ್ಚಿ, 2025ರಲ್ಲಿ ಆಂಧ್ರ ಸರ್ಕಾರ ‘ಸದರಂ’ ಎಂಬ ಅಂಗವೈಕಲ್ಯ ಪ್ರಮಾಣಪತ್ರಗಳ ಮರುಪರಿಶೀಲನೆಗೆ ಇಳಿಯಿತು. ಆಗಸ್ಟ್ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಮಂದಿಗೆ, ನಿಮ್ಮ ವೈಕಲ್ಯ ಶೇ 40ಕ್ಕಿಂತ ಕಡಿಮೆ, ನೀವು ಅರ್ಹರಲ್ಲ ಎಂಬ ನೋಟಿಸು ಹೋಯಿತು. ಜನ ಬೀದಿಗಿಳಿದರು. ಮೇಲ್ಮನವಿ ಸಲ್ಲಿಸಿದವರಿಗೆ ಪಿಂಚಣಿ ನಿಲ್ಲಿಸುವುದಿಲ್ಲ ಎಂದು ಸರ್ಕಾರ ಹಿಂದೆ ಸರಿಯಬೇಕಾಯಿತು. ಎದುರು ಮನೆ ಹುಡುಗಿಯನ್ನು ಬಾಡಿಗೆ ಆಟೊದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗಿ ಬಂದ ದಿನ ಅವಳ ತಾಯಿ ನಾದಿನಿಗೆ ಹೇಳಿದಳಂತೆ: ‘ಹುಟ್ಟಿದಾಗಿನಿಂದ ಎದ್ದಿಲ್ಲ, ಈಗ ಎದ್ದಿದ್ದಾಳಾ ಅಂತ ನೋಡೋಕೆ ಕರೆದಿದ್ದಾರೆ.’

ಈ ಕಡೆ ಕಡಿಮೆ ದುಡ್ಡಿನ ಚಿಂತೆ, ಆ ಕಡೆ ಇದ್ದ ದುಡ್ಡು ಹೋದೀತೆಂಬ ಚಿಂತೆ. ಒಂದೇ ಜಗುಲಿಯ ಎರಡು ಕಂಬಗಳಿಗೆ ಒರಗಿ ಕೂತವರವು.

ಬೆರಳು ಬಿಡಿಸುವ ಹೊತ್ತು

ಅಂಕಿಯಲ್ಲಿ ಕಾಣದ ಕಡಿತ ಇನ್ನೊಂದಿದೆ. ಅದು ಕಾಗದದ ಮೂಲಕ ಬರುತ್ತದೆ.

ಹಿಂದೆ ಮಾಸಾಶನ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಅಂಚೆಯಣ್ಣ ಸೈಕಲ್ ನಿಲ್ಲಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ‘ಕಾಫಿಗೆ’ ಎಂದು ಹತ್ತೋ ಇಪ್ಪತ್ತೋ ಹಿಡಿದುಕೊಂಡು ಉಳಿದದ್ದು ಕೊಡುತ್ತಿದ್ದ ಕಾಲ. ಈಗ ನೇರ ಖಾತೆಗೆ ಬರುತ್ತದೆ, ಮಧ್ಯೆ ಯಾರೂ ಕೈ ಹಾಕುವುದಿಲ್ಲ. ಇದು ದೊಡ್ಡ ಸುಧಾರಣೆ, ಅಲ್ಲವೆನ್ನಲಾಗದು. ಆದರೆ ಅಂಚೆಯಣ್ಣನಿಗೆ ಪುಟ್ಟ ಯಾರೆಂದು ಗೊತ್ತಿತ್ತು. ಯಂತ್ರಕ್ಕೆ ಬೆರಳು ಬೇಕು.

ಸೆರೆಬ್ರಲ್ ಪಾಲ್ಸಿಯಲ್ಲಿ ಸ್ನಾಯು ಸೆಟೆದುಕೊಂಡಿರುತ್ತದೆ. ಪುಟ್ಟನ ಬಲಗೈ ಮುಷ್ಟಿ ಕಟ್ಟಿಕೊಂಡೇ ಇರುತ್ತದೆ. ಅಪರಿಚಿತರು ಮುಟ್ಟಿದರೆ ಇನ್ನೂ ಬಿಗಿಯಾಗುತ್ತದೆ. ಎರಡು ವರ್ಷದ ಕೆಳಗೆ ಅವನ ಖಾತೆಗೆ ಇ-ಕೆವೈಸಿ ಆಗಿಲ್ಲ ಎಂದು ಪೆನ್ಷನ್ ನಿಂತಿತು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸಿದರು. ಅವನನ್ನು ನಾನು ಹೊತ್ತುಕೊಂಡೆ, ಭಾವ ಗಾಲಿಕುರ್ಚಿ ಹೊತ್ತರು, ಅಕ್ಕ ಕಾಗದದ ಚೀಲ. ಮೆಟ್ಟಿಲು ಏಳು ಇದ್ದವು. ಒಳಗೆ ಅಕ್ಕ ಅವನ ಮುಂಗೈ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಮಣಿಕಟ್ಟು ಒಳಗೆ ಬಾಗಿಸಿ, ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳನ್ನು ಬಿಡಿಸುತ್ತಾ ಬಂದಳು. ಇಪ್ಪತ್ತು ವರ್ಷದ ಅಭ್ಯಾಸ ಅದು. ತೋರುಬೆರಳು ಗಾಜಿಗೆ ಮುಟ್ಟುವ ಹೊತ್ತಿಗೆ ಮುಷ್ಟಿ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಯಂತ್ರ ಕೆಂಪು ದೀಪ ತೋರಿಸುತ್ತಿತ್ತು. ಆರನೇ ಸಲಕ್ಕೆ ಪುಟ್ಟ ಅತ್ತ. ಕಣ್ಣಿನ ಗುರುತು ತೆಗೆಯೋಣವೆಂದರೆ ಅವನ ದೃಷ್ಟಿ ಒಂದು ಕಡೆ ನಿಲ್ಲುವುದಿಲ್ಲ.

ಬೆರಳಚ್ಚು ಕೊಡಲಾಗದವರಿಗೆ ಆಧಾರ್ ನಿಯಮದಲ್ಲೇ ವಿನಾಯಿತಿ ಇದೆ. ಅದು ಗೊತ್ತಿದ್ದ ಒಬ್ಬ ಹುಡುಗಿ ಬೇರೊಂದು ಕಡೆ ಸಿಗುವವರೆಗೆ ಮೂರು ತಿಂಗಳು ಕಳೆದಿತ್ತು. ಅವಳು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದಳು. ನಿಂತಿದ್ದ ಮೂರು ತಿಂಗಳದ್ದು ಮಾತ್ರ ಬರಲೇ ಇಲ್ಲ. ಪುಸ್ತಕದಲ್ಲಿ ಆ ಮೂರು ಸಾಲು ಈಗಲೂ ಪೆನ್ಸಿಲಿನಲ್ಲಿವೆ.

ಇಂಥ ಜಾಗದಲ್ಲಿ ನೆರವಾಗಬೇಕಾದವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಂಚಾಯಿತಿಗೊಬ್ಬರು ಇರಬೇಕೆಂಬುದು ರಾಜ್ಯದ ಒಳ್ಳೆಯ ಏರ್ಪಾಡು. ಅವರಲ್ಲಿ ಬಹುಮಂದಿ ಸ್ವತಃ ಅಂಗವಿಕಲರು. ಅವರೂ ಗೌರವಧನ ಸಾಲದೆಂದು, ಕೆಲಸ ಕಾಯಂ ಆಗಲಿಲ್ಲವೆಂದು ವರ್ಷಗಳಿಂದ ಧರಣಿ ಕೂರುತ್ತಲೇ ಇದ್ದಾರೆ. ಮಾಸಾಶನ ಕೊಡುವುದು ಕಂದಾಯ ಇಲಾಖೆ, ಸಾಧನ ಸಲಕರಣೆ ಕೊಡುವುದು ವಿಕಲಚೇತನರ ಇಲಾಖೆ, ಪ್ರಮಾಣಪತ್ರ ಆರೋಗ್ಯ ಇಲಾಖೆಯ ವೈದ್ಯರದ್ದು, ಸ್ಥಳೀಯ ಸಂಸ್ಥೆಯ ಶೇ 5ರ ಅನುದಾನ ಪಂಚಾಯಿತಿ ಕೈಯಲ್ಲಿ. ಈ ನಾಲ್ಕು ಬಾಗಿಲ ನಡುವೆ ಓಡಾಡುವ ಬಾಡಿಗೆಯನ್ನು ಬಲಗಡೆ ಪುಟದಲ್ಲೇ ಬರೆಯಬೇಕು.

ಲಂಡನ್, ಮೆಲ್ಬರ್ನ್

ಈ ಚಿಂತೆ ಬಡ ದೇಶಗಳದ್ದು ಮಾತ್ರವಲ್ಲ. ಬ್ರಿಟನ್ನಿನಲ್ಲಿ 2025ರ ಮಾರ್ಚ್‌ನಲ್ಲಿ ಲೇಬರ್ ಸರ್ಕಾರ, ‘ಪಿಪ್’ ಎಂದು ಕರೆಯುವ ಅಂಗವೈಕಲ್ಯ ಭತ್ಯೆಯ ಅರ್ಹತೆಯನ್ನು ಬಿಗಿ ಮಾಡುವುದೂ ಸೇರಿದಂತೆ ವರ್ಷಕ್ಕೆ ಸುಮಾರು 500 ಕೋಟಿ ಪೌಂಡ್ ಉಳಿಸುವ ಯೋಜನೆ ಮುಂದಿಟ್ಟಿತು. ಸ್ನಾನ, ಅಡುಗೆ, ಬಟ್ಟೆ ತೊಡುವುದು ಇಂಥ ಒಂದೊಂದಕ್ಕೂ ಅಲ್ಲಿ ಅಂಕ ಇದೆ. ಒಟ್ಟು ಅಂಕ ಸಾಲದು, ಯಾವುದಾದರೂ ಒಂದರಲ್ಲೇ ನಾಲ್ಕು ಅಂಕ ಬೇಕೆಂಬುದು ಹೊಸ ಷರತ್ತು. ಅಂಗವಿಕಲರು, ತಂದೆತಾಯಿಗಳು ತಮ್ಮ ಸಂಸದರ ಬಾಗಿಲು ತಟ್ಟಿದರು. ಆಳುವ ಪಕ್ಷದ ನೂರಿಪ್ಪತ್ತಕ್ಕೂ ಹೆಚ್ಚು ಸಂಸದರು ತಮ್ಮದೇ ಸರ್ಕಾರದ ವಿರುದ್ಧ ತಿರುಗಿದರು. ಜುಲೈ 1ರಂದು ಮತದಾನಕ್ಕೆ ಕೆಲವೇ ಗಂಟೆ ಇರುವಾಗ ಸರ್ಕಾರ ಆ ಕಲಮನ್ನು ಕೈಬಿಟ್ಟಿತು.

ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಅಂಗವೈಕಲ್ಯ ವಿಮೆ ಯೋಜನೆಗೆ ಜನರೇ ಹೆಚ್ಚುವರಿ ತೆರಿಗೆ ಕೊಡುತ್ತಾರೆ; ಅದಕ್ಕಾಗಿ ಆರೋಗ್ಯ ಸುಂಕವನ್ನು ಶೇ 1.5ರಿಂದ ಶೇ 2ಕ್ಕೆ ಏರಿಸಲಾಯಿತು. ಈಗ ಅದರಡಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ, ವೆಚ್ಚವೂ ನಿರೀಕ್ಷೆ ಮೀರಿ ಬೆಳೆದಿದೆ. 2025ರ ಆಗಸ್ಟ್‌ನಲ್ಲಿ ಸಚಿವ ಮಾರ್ಕ್ ಬಟ್ಲರ್, ಸೌಮ್ಯ ಹಾಗೂ ಮಧ್ಯಮ ಪ್ರಮಾಣದ ಆಟಿಸಂ ಅಥವಾ ಬೆಳವಣಿಗೆಯ ವಿಳಂಬ ಇರುವ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಈ ಯೋಜನೆಯಿಂದ ಬೇರೊಂದು ಏರ್ಪಾಡಿಗೆ ದಾಟಿಸುವುದಾಗಿ ಹೇಳಿದರು. ಮೆಲ್ಬರ್ನ್, ಸಿಡ್ನಿಯಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಇದು ದೂರದ ಸುದ್ದಿಯಲ್ಲ. ‘ಸೌಮ್ಯ’ ಎಂದು ಅಳೆಯುವವರು ಯಾರು, ಆ ಹೊಸ ಏರ್ಪಾಡಿನಲ್ಲಿ ವಾರಕ್ಕೆ ಎಷ್ಟು ಗಂಟೆ ಥೆರಪಿ ಉಳಿಯುತ್ತದೆ ಎಂಬುದು ಅಲ್ಲಿನ ತಾಯಂದಿರ ಪ್ರಶ್ನೆ.

ಅಲ್ಲಿಗೂ ಇಲ್ಲಿಗೂ ಮೊತ್ತದಲ್ಲಿ ಅಜಗಜಾಂತರ. ನನಗೆ ಕಂಡ ವ್ಯತ್ಯಾಸ ಮೊತ್ತದ್ದಲ್ಲ. ಬ್ರಿಟನ್ನಿನ ‘ಪಿಪ್’ ಬೆಲೆ ಏರಿಕೆಯನ್ನು ಅನುಸರಿಸಿ ಪ್ರತಿ ಏಪ್ರಿಲ್‌ನಲ್ಲೂ ಏರುತ್ತದೆ. ಹಾಗಾಗಿ ಅದನ್ನು ಕಡಿಯಬೇಕಾದರೆ ಸರ್ಕಾರ ಸಂಸತ್ತಿಗೆ ಬಂದು ‘ಕಡಿಯುತ್ತೇವೆ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ದಿನ ಜನ ಎದುರು ನಿಲ್ಲಬಹುದು. ನಮ್ಮಲ್ಲಿ ಕಡಿಯಲು ಯಾರೂ ಏನೂ ಹೇಳಬೇಕಿಲ್ಲ. ಸುಮ್ಮನಿದ್ದರೆ ಸಾಕು, ಬೆಲೆ ಏರಿಕೆಯೇ ಕೆಲಸ ಮುಗಿಸುತ್ತದೆ. ಧರಣಿ ಕೂರಬೇಕೆಂದರೂ ಯಾವ ಆದೇಶದ ಪ್ರತಿಯನ್ನು ಹರಿದು ಹಾಕಬೇಕು?

ಏಳೂವರೆ ಪೈಸೆ

ಎದುರು ವಾದವನ್ನೂ ಕೇಳಬೇಕು. ಸುಳ್ಳು ಪ್ರಮಾಣಪತ್ರ ನಿಜವಾದ ರೋಗ. 2024ರಲ್ಲಿ ಪೂಜಾ ಖೇಡ್ಕರ್ ಪ್ರಕರಣ ಹೊರಬಿದ್ದು, ಐಎಎಸ್‌ನಂಥ ಸೇವೆಯಲ್ಲೂ ಅಂಗವಿಕಲರ ಮೀಸಲಾತಿ ದುರುಪಯೋಗವಾದ ಆರೋಪ ದೇಶದಾದ್ಯಂತ ಚರ್ಚೆಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಪ್ರಮಾಣಪತ್ರದ ನಿಯಮಗಳನ್ನು ಬಿಗಿ ಮಾಡಿತು. ಪ್ರಮಾಣಪತ್ರ ಕೊಡಲು ಇದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಯಿತು. ಕಳ್ಳನನ್ನು ಹಿಡಿಯಲೇಬೇಕು. ಆದರೆ ಜರಡಿ ಬಿಗಿ ಮಾಡಿದಾಗಲೆಲ್ಲ ಮೊದಲು ಸಿಕ್ಕಿಬೀಳುವವರು ಏಳು ಮೆಟ್ಟಿಲು ಹತ್ತಲಾಗದವರು. ಸುಳ್ಳು ಪ್ರಮಾಣಪತ್ರ ಮಾಡಿಸಿಕೊಂಡವನು ಮೆಟ್ಟಿಲನ್ನು ಓಡುತ್ತಾ ಹತ್ತುತ್ತಾನೆ.

ದುಡ್ಡೆಲ್ಲಿದೆ ಎಂಬುದು ಎರಡನೇ ವಾದ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ, ಅದರಲ್ಲಿ ಗ್ಯಾರಂಟಿಗಳಿಗೇ 51,000 ಕೋಟಿ. ಖಜಾನೆಯ ಮೇಲೆ ಭಾರ ಇದೆ, ಸರಿ. ಹಾಗಾದರೆ ಕಾನೂನು ಹೇಳಿದ ಕಾಲುಭಾಗವನ್ನು ಕೊಟ್ಟರೆ ಎಷ್ಟಾಗುತ್ತದೆ? 2021ರಲ್ಲಿ 200 ರೂಪಾಯಿ ಏರಿಸಿದಾಗ ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ 800 ರೂಪಾಯಿ ವರ್ಗದ ಫಲಾನುಭವಿಗಳು 3.66 ಲಕ್ಷ, ಹೆಚ್ಚುವರಿ ವೆಚ್ಚ 90 ಕೋಟಿ. ಅದೇ ಸಂಖ್ಯೆ ಇಟ್ಟುಕೊಂಡು 800ನ್ನು 1,500ಕ್ಕೆ ಏರಿಸಿದರೆ ವರ್ಷಕ್ಕೆ ಸುಮಾರು 307 ಕೋಟಿ. ಬಜೆಟ್ಟಿನ ನೂರು ರೂಪಾಯಿಯಲ್ಲಿ ಏಳೂವರೆ ಪೈಸೆ. ಫಲಾನುಭವಿಗಳು ಈಗ ಹೆಚ್ಚಿರಬಹುದು, ಹತ್ತು ಪೈಸೆ ಅನ್ನಿ. ಗ್ಯಾರಂಟಿ ನಿಲ್ಲಿಸದೆ, ರಸ್ತೆ ಕೆಲಸ ತಡೆಯದೆ ಕೊಡಬಹುದಾದ ದುಡ್ಡು ಇದು. ಅದರ ಜೊತೆಗೆ, ವರ್ಷಕ್ಕೊಮ್ಮೆ ಬೆಲೆ ಸೂಚ್ಯಂಕ ನೋಡಿ ಏರಿಸಬೇಕೆಂಬ ಒಂದು ಸಾಲು ಆದೇಶದಲ್ಲಿ ಇದ್ದರೆ, ಹೊಸ ಮುಖ್ಯಮಂತ್ರಿ ಪ್ರಮಾಣವಚನ ತೆಗೆದುಕೊಳ್ಳುವ ದಿನಕ್ಕಾಗಿ ಯಾರೂ ಕಾಯಬೇಕಾಗಿಲ್ಲ. ಸೋಲಾರ್ ಕರಾರು ಬರೆದವರಿಗೆ ಆ ಸಾಲು ಹೇಗೆ ಬರೆಯುವುದೆಂದು ಗೊತ್ತಿತ್ತು.

ಇಷ್ಟು ವರ್ಷ ಆ ಏಳೂವರೆ ಪೈಸೆ ಯಾರ ಕೈಯಿಂದ ಹೋಗಿದೆ ಎಂದು ನೋಡಿದರೆ ಅಕ್ಕನ ಬೆನ್ನು ಕಾಣುತ್ತದೆ. ಐವತ್ತು ಕಿಲೋ ತೂಗುವ ಮಗನನ್ನು ದಿನಕ್ಕೆ ಏಳೆಂಟು ಸಲ ಎತ್ತಿಳಿಸುವ ಬೆನ್ನು ಅದು. ಮೊದಲು ಕಡಲೆಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು, ಈಗ ಹೋಗಲಾಗುವುದಿಲ್ಲ. ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ತೊಂದರೆ ಇರುವವರನ್ನು ನೋಡಿಕೊಳ್ಳುವವರಿಗೆ ರಾಜ್ಯ ಈಚೆಗೆ ತಿಂಗಳಿಗೆ 1,000 ರೂಪಾಯಿ ಆರೈಕೆದಾರರ ಭತ್ಯೆ ತಂದಿದೆ. ದಿನಕ್ಕೆ ಮೂವತ್ಮೂರು ರೂಪಾಯಿಯಾದರೂ, ಆರೈಕೆಯೂ ಒಂದು ಕೆಲಸ ಎಂದು ಸರ್ಕಾರ ಮೊದಲ ಬಾರಿಗೆ ಒಪ್ಪಿಕೊಂಡದ್ದಕ್ಕೆ ಅದಕ್ಕೆ ಬೆಲೆ ಇದೆ. ಅಕ್ಕ ಅರ್ಜಿ ಹಾಕಿದ್ದಾಳೆ. ಪುಸ್ತಕದ ಎಡಗಡೆಯಲ್ಲಿ ಅದಕ್ಕೊಂದು ಸಾಲು ಬಿಟ್ಟಿದ್ದಾಳೆ.

ಕೊನೆಯ ಪುಟ

ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ತಂದೆತಾಯಿ ಕಾನೂನಿನ ಕಣ್ಣಲ್ಲಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗಾಗಿ 1999ರಲ್ಲಿ ಬಂದ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯ ಮುಂದೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು. ಅಕ್ಕ ಭಾವ ಈ ಕೆಲಸವನ್ನು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದರು. ಕಳೆದ ತಿಂಗಳು ಭಾವನಿಗೆ ಎದೆನೋವು ಬಂದು ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಅಕ್ಕ ಫೋನ್ ಮಾಡಿದಳು. ‘ಭಾನುವಾರ ಬಾರೋ, ಒಂದು ಸೈನ್ ಬೇಕು.’

ಹೋದೆ. ಪುಟ್ಟ ಚಪ್ಪಲಿ ಸದ್ದಿಗೆ ನಕ್ಕ. ಅಕ್ಕ ಅರ್ಜಿ ತೋರಿಸಲಿಲ್ಲ, ಮೊದಲು ಆ ನೋಟ್‌ಬುಕ್ ತೆಗೆದಳು. ಕೊನೆಯ ಪುಟದಿಂದ ಹಿಂದಕ್ಕೆ ನಾಲ್ಕು ಪುಟ ಒತ್ತೊತ್ತಾಗಿ ಬರೆದಿದ್ದಳು, ಎಲ್ಲ ಬಾಲ್‌ಪೆನ್ನಿನಲ್ಲಿ. ಮಾತ್ರೆ ಪುಡಿ ಮಾಡಿ ರಾಗಿ ಗಂಜಿಯಲ್ಲಿ ಕಲಸಬೇಕು, ಹಾಲಿನಲ್ಲಿ ಬೇಡ, ಕಕ್ಕುತ್ತಾನೆ. ಎಡಮಗ್ಗುಲಿಗೆ ಮಲಗಿಸಿದರೆ ನಿದ್ದೆ. ಗುಡುಗು ಬಂದರೆ ಪಕ್ಕದಲ್ಲಿ ಕೂರಬೇಕು. ಬೆರಳು ಬಿಡಿಸುವಾಗ ಕಿರುಬೆರಳಿನಿಂದ ಶುರು ಮಾಡಬೇಕು. ಹೀಗೆ ಒಂದೊಂದೂ ನಂಬರು ಹಾಕಿ.

‘ಇದೆಲ್ಲ ನನಗೆ ಗೊತ್ತಲ್ಲ ಅಕ್ಕ.’

‘ನಿನಗೆ ಗೊತ್ತು. ನಿನ್ನ ಹೆಂಡತಿಗೂ ಗೊತ್ತಿರಲಿ. ನಿಮಗಿಬ್ಬರಿಗೂ ವಯಸ್ಸಾದ ಮೇಲೆ ನೋಡೋರಿಗೂ ಗೊತ್ತಿರಲಿ.’

ಪುಟದ ಕೊನೆಗೆ ಇಪ್ಪತ್ತೆರಡನೇ ಸಾಲು. ‘ದುಡ್ಡು’ ಎಂದು ಪೆನ್ನಿನಲ್ಲಿ ಬರೆದು ಅಡಿಗೆರೆ ಹಾಕಿದ್ದಳು. ಅದರ ಮುಂದೆ ‘ಪೆನ್ಷನ್ 2,000’ ಎಂದು ಇತ್ತು. ಪೆನ್ಸಿಲಿನಲ್ಲಿ.

ನಾನು ಅರ್ಜಿಗೆ ಸಹಿ ಹಾಕಿದೆ. ಅಕ್ಕ ಪುಸ್ತಕ ಮುಚ್ಚಿ ಔಷಧಿ ಡಬ್ಬಿಯ ಮೇಲೆ ಇಟ್ಟಳು. ಪೆನ್ಸಿಲನ್ನು ಅದರೊಳಗೇ ಬಿಟ್ಟಳು.